ಬೆಳಕನ್ನೂ ಹಾಯಬಿಡುವ, ವಿದ್ಯುತ್ತನ್ನೂ ಹರಿಸುವ ಪ್ಲಾಸ್ಟಿಕ್

ಪ್ರಶ್ನೆ: ಪ್ಲಾಸ್ಟಿಕ್ ವಿದ್ಯುತ್ ನಿರೋಧಕ ಎಂದು ಶಾಲೆಯಲ್ಲಿ ಓದಿದ್ದೆ. ಈಗ ಪಾರದರ್ಶಕ ಪ್ಲಾಸ್ಟಿಕ್ಕಿನಲ್ಲೇ ವಿದ್ಯುತ್ ಹರಿಸಿ ಸೌರಕೋಶ ಮುದ್ರಿಸುತ್ತಾರಂತೆ. ಇದು ಹೇಗೆ? ಚಾವಣಿಯ ಫಲಕಗಳ ಜಾಗಕ್ಕೆ ಇವು ಬರುತ್ತವೆಯೇ?

ಉತ್ತರ: ನೀವು ಓದಿದ್ದು ಸರಿ. ಸಾಮಾನ್ಯ ಪ್ಲಾಸ್ಟಿಕ್ಕಿನಲ್ಲಿ ಇಲೆಕ್ಟ್ರಾನುಗಳು ತಮ್ಮ ಬಂಧಗಳಲ್ಲೇ ಸೆರೆಯಾಗಿರುತ್ತವೆ. ಇಂಗಾಲದ ಸರಪಳಿಯಲ್ಲಿ ಏಕಬಂಧ, ದ್ವಿಬಂಧಗಳು ಒಂದು ಬಿಟ್ಟು ಒಂದರಂತೆ ಬಂದರೆ ಉದ್ದಕ್ಕೂ ದಾರಿ ಸಿಗುತ್ತದೆ. ಆದರೆ ದಾರಿ ಕಿಕ್ಕಿರಿದಿದ್ದರೆ ಯಾರೂ ಮುಂದೆ ಸಾಗಲಾರರು. 1977ರಲ್ಲಿ ವಿಜ್ಞಾನಿಗಳಾದ ಶಿರಕಾವಾ, ಮ್ಯಾಕ್‌ಡಯರ್ಮಿಡ್ ಮತ್ತು ಹೀಗರ್ ಇಂಥ ಸರಪಳಿಯುಳ್ಳ ಪಾಲಿಅಸಿಟಿಲೀನ್ ಎಂಬ ಪ್ಲಾಸ್ಟಿಕ್ಕಿಗೆ ಅಯೋಡಿನ್ ಸೇರಿಸಿದರು. ಅಯೋಡಿನ್ ಕೆಲವು ಇಲೆಕ್ಟ್ರಾನುಗಳನ್ನು ಕಿತ್ತುಕೊಂಡು ಜಾಗ ಬಿಡಿಸಿಕೊಟ್ಟಿತು. ಈ ಶೋಧಕ್ಕೆ 2000ದ ರಸಾಯನಶಾಸ್ತ್ರದ ನೊಬೆಲ್ ಸಂದಿತು.

ನಾನು ವರ್ಷಗಟ್ಟಲೆ ಕೆಲಸ ಮಾಡಿದ್ದು ಪೆಡಾಟ್-ಪಿಎಸ್‌ಎಸ್ ಎಂಬ ಮಿಶ್ರಣದೊಂದಿಗೆ. ಇದರಲ್ಲಿ ಎರಡು ಪ್ಲಾಸ್ಟಿಕ್‌ಗಳಿವೆ; ವಿದ್ಯುತ್ ಹರಿಸುವುದು ಪೆಡಾಟ್. ಬಾಟಲಿಯಲ್ಲಿ ಅದು ಶಾಯಿಯಂತೆ ಕಡುನೀಲಿ. ಪೆಡಾಟ್ ನೀರಿನಲ್ಲಿ ಕರಗುವುದಿಲ್ಲ. ಪಿಎಸ್‌ಎಸ್ ಅದನ್ನು ನೀರಿನಲ್ಲಿ ತೇಲಿಸಿಡುತ್ತದೆ. ತೊಡಕೂ ಅಲ್ಲೇ ಇದೆ: ಆ ಪಿಎಸ್‌ಎಸ್ ಇಲೆಕ್ಟ್ರಾನುಗಳನ್ನು ಸಾಗಿಸದು. ನೂರಕ್ಕೆ ಐದು ಭಾಗ ಎಥಿಲೀನ್ ಗ್ಲೈಕಾಲ್ ಎಂಬ ದ್ರವ ಬೆರೆಸಿ ಮೊದಲ ಬಾರಿ ಗಾಜಿನ ಮೇಲೆ ಲೇಪಿಸಿ ಒಣಗಿಸಿದ ದಿನ ನನಗೆ ಚೆನ್ನಾಗಿ ನೆನಪಿದೆ. ವಾಹಕತೆ ನೂರಾರು ಪಟ್ಟು ಏರಿತ್ತು. ನಂಬಲಾಗದೆ ಮೂರು ಬಾರಿ ಅಳೆದೆ. ಪೆಡಾಟ್ ಕಣಗಳು ಒಂದಕ್ಕೊಂದು ತಾಗಿ ಸಾಲುಗೂಡಿದ್ದವು.

ಸೌರಕೋಶದ ಮುಂಭಾಗದ ಪದರ ಬೆಳಕನ್ನು ಒಳಬಿಡಬೇಕು, ವಿದ್ಯುತ್ತನ್ನೂ ಒಯ್ಯಬೇಕು. ಈ ಮಿಶ್ರಣದ ನೂರು ನ್ಯಾನೋಮೀಟರ್ ದಪ್ಪದ ಪದರವನ್ನು ಬಿಳಿ ಹಾಳೆಯ ಮೇಲಿಟ್ಟರೆ ನಸುನೀಲಿ ಛಾಯೆಯಷ್ಟೇ ಕಾಣುತ್ತದೆ. ದಪ್ಪ ಹೆಚ್ಚಿಸಿದರೆ ರೋಧ ಇಳಿಯುತ್ತದೆ, ಆದರೆ ಬೆಳಕೂ ಕಡಿಮೆಯಾಗುತ್ತದೆ. ನಮ್ಮ ದುಡಿಮೆಯೆಲ್ಲ ಈ ಎಳೆದಾಟದ್ದೇ. ಇದರ ಹಳೆಯ ಪ್ರತಿಸ್ಪರ್ಧಿ, ಇಂಡಿಯಂ ಟಿನ್ ಆಕ್ಸೈಡ್ ಎಂಬ ಪಾರದರ್ಶಕ ವಾಹಕ, ಇದಕ್ಕಿಂತ ಚೆನ್ನಾಗಿ ವಿದ್ಯುತ್ ಹರಿಸುತ್ತದೆ. ಆದರೆ ಅದನ್ನು ಸಾಮಾನ್ಯವಾಗಿ ನಿರ್ವಾತದಲ್ಲಿ ಲೇಪಿಸಬೇಕು, ಮಡಿಸಿದರೆ ಬಿರುಕು ಬಿಡುತ್ತದೆ. ನಮ್ಮ ನೀಲಿ ದ್ರವವನ್ನು ಹಾಳೆಯ ಮೇಲೆ ಮುದ್ರಿಸಬಹುದು, ಒಣಗಿದ ಮೇಲೆ ಬಾಗಿಸಬಹುದು.

ತೇವ ಮಾತ್ರ ಇದರ ಶತ್ರು. ಒಮ್ಮೆ ಮುಚ್ಚದೆ ಬಿಟ್ಟ ನನ್ನ ಪದರಗಳು ಗಾಳಿಯ ತೇವ ಹೀರಿ ವಾರದೊಳಗೆ ಅಂಚಿನಲ್ಲಿ ಎದ್ದುಬಂದವು. ಪಿಎಸ್‌ಎಸ್ ಆಮ್ಲೀಯವೂ ಹೌದು. ಪಕ್ಕದ ಪದರವನ್ನು ತಿನ್ನುತ್ತದೆ.

ಚಾವಣಿಯ ಸಿಲಿಕಾನ್ ಫಲಕಗಳನ್ನು ಇದು ತೆಗೆದುಹಾಕುತ್ತದೆ ಎಂದು ನಾನು ನಂಬುವುದಿಲ್ಲ. ಅಲ್ಲಿ ತೆಳುವಾದ ಲೋಹದ ಗೆರೆಗಳೇ ವಿದ್ಯುತ್ತನ್ನು ಒಯ್ಯುತ್ತವೆ. ಬಾಗುವ ಸೌರಕೋಶ, ಮೈಗೆ ಅಂಟಿಸುವ ಸಂವೇದಕಗಳಲ್ಲಿ ನನಗೆ ದೊಡ್ಡ ಭರವಸೆಯಿದೆ. ಅಂದ ಹಾಗೆ, ಪೆಡಾಟ್ ಹೊಸ ಅತಿಥಿಯಲ್ಲ: ಛಾಯಾಚಿತ್ರದ ಫಿಲ್ಮಿನ ಮೇಲೆ ಸ್ಥಿರವಿದ್ಯುತ್ ನಿಲ್ಲದಂತೆ ಲೇಪಿಸಿದ್ದು ಇದನ್ನೇ. ಅನೇಕ ಕಂಪ್ಯೂಟರುಗಳ ಕೆಪಾಸಿಟರುಗಳೊಳಗೂ ಇದು ಇದೆ.