ನಿಂಬೆಹುಲ್ಲಿನ ಔಷಧಿ ಗುಣ ಯಾವ ವಸ್ತುವಿನದ್ದು ಅಂತ ಹೇಗೆ ಕಂಡುಹಿಡಿಯುತ್ತಾರೆ?

ಹುಲ್ಲಿನ ಎಣ್ಣೆಯಲ್ಲಿರುವುದನ್ನೆಲ್ಲ ಬಿಡಿಬಿಡಿ ಮಾಡಿ, ಒಂದೊಂದನ್ನೂ ತೂಗಿ ಗುರುತಿಸುತ್ತಾರೆ. ಎಣ್ಣೆಯನ್ನು ಆವಿ ಮಾಡಿ, ಸುಮಾರು 30 ಮೀಟರ್ ಉದ್ದದ, ದಾರದಂಥ ಸಣ್ಣ ಕೊಳವೆಯೊಳಗೆ ಹರಿಸುತ್ತಾರೆ. ಒಳಗಿನ ಲೇಪಕ್ಕೆ ಜಾಸ್ತಿ ಅಂಟಿಕೊಳ್ಳುವ ವಸ್ತು ತಡವಾಗಿ ಹೊರಬರುತ್ತದೆ, ಉಳಿದವು ಬೇಗ. ಬೇರ್ಪಡುವ ಗುಟ್ಟು ಇಷ್ಟೇ. ಹೊರಬಂದದ್ದನ್ನು ಮಾಸ್ ಸ್ಪೆಕ್ಟ್ರೋಮೀಟರ್ ಎಂಬ ಯಂತ್ರ ಚೂರು ಮಾಡಿ ಚೂರುಗಳ ತೂಕ ನೋಡುತ್ತದೆ.

ಮಜಾ ಏನೆಂದರೆ, ನಿಂಬೆಯ ವಾಸನೆ ಕೊಡುವ ಸಿಟ್ರಾಲ್ ಇಲ್ಲಿ ಎರಡಾಗಿ ಬರುತ್ತದೆ: ಮೊದಲು ನೆರಾಲ್, ಹಿಂದೆಯೇ ಜೆರಾನಿಯಲ್. ಅಣುವಿನ ತೂಕ ಎರಡಕ್ಕೂ 152, ಆಕಾರ ಮಾತ್ರ ಬೇರೆ.

ಸುಮ್ನೆ ಹೆಸರು ಸಿಕ್ಕರೆ ಸಾಲದು, ಅಲ್ವಾ? ಬ್ಯಾಕ್ಟೀರಿಯಾ ಬೆಳೆಸಿದ ತಟ್ಟೆಗಳಲ್ಲಿ ಒಂದೊಂದನ್ನೂ ಹಾಕಿ, ಯಾವುದರ ಸುತ್ತ ಬೆಳವಣಿಗೆ ನಿಂತಿದೆ ಎಂದು ನೋಡುತ್ತಾರೆ.