ನ್ಯೂಫೌಂಡ್ ಅಂದ್ರೆ ಬರೀ ಹೊಸದು ಅಂತಾನಾ?

ಪ್ರಶ್ನೆ: ಸೈನ್ಸ್ ನ್ಯೂಸ್ ಓದುವಾಗ ನ್ಯೂಫೌಂಡ್ ಅನ್ನೋ ಪದ ಆಗಾಗ ಬರುತ್ತೆ. ನ್ಯೂ ಅಂದ್ರೆ ಹೊಸದು, ಫೌಂಡ್ ಅಂದ್ರೆ ಕಂಡುಹಿಡಿದದ್ದು, ಸರಿ. ಹಾಗಾದ್ರೆ ಹೊಸದಾಗಿ ಕಂಡುಹಿಡಿದ ಮೆಷಿನ್‌ಗೂ ನ್ಯೂಫೌಂಡ್ ಮೆಷಿನ್ ಅನ್ನಬಹುದಲ್ವಾ? ಫ್ರೆಂಡ್ ಒಬ್ಬರು ತಪ್ಪು ಅಂದ್ರು, ಯಾಕೆ ಅಂತ ಮಾತ್ರ ಹೇಳ್ಲಿಲ್ಲ.

ಉತ್ತರ: ನಿಮ್ಮ ಫ್ರೆಂಡ್ ಹೇಳಿದ್ದು ಸರಿ, ಆದ್ರೆ ತಪ್ಪು ನಿಮ್ಮದಲ್ಲ, ನಮ್ಮ ಕನ್ನಡದ 'ಕಂಡುಹಿಡಿ' ಅನ್ನೋ ಪದದ್ದು. ನಾವು ಬಲ್ಬ್ ಕಂಡುಹಿಡಿದರು ಅಂತೀವಿ, ಪ್ಲೂಟೋ ಕಂಡುಹಿಡಿದರು ಅಂತಾನೂ ಅಂತೀವಿ, ಎರಡಕ್ಕೂ ಒಂದೇ ಮಾತು ನಡೆದುಹೋಗುತ್ತೆ. ಇಂಗ್ಲಿಷ್‌ನಲ್ಲಿ ನಡೆಯಲ್ಲ. ಪ್ಲೂಟೋ ಮೊದಲೇ ಅಲ್ಲಿತ್ತು, 1930ರಲ್ಲಿ ಕ್ಲೈಡ್ ಟಾಂಬೋ ಅನ್ನೋ ಖಗೋಳ ವಿಜ್ಞಾನಿಯ ಕಣ್ಣಿಗೆ ಬಿತ್ತು ಅಷ್ಟೇ, ಅದು ಡಿಸ್ಕವರಿ, ಹಾಗಾಗಿ ಆವಾಗ ಅದು ನ್ಯೂಫೌಂಡ್. ಬಲ್ಬ್ ಇರಲೇ ಇಲ್ಲ, ಕೂತು ಮಾಡಿದ್ದು, ಅದು ಇನ್ವೆನ್ಷನ್, ಅದಕ್ಕೆ ನ್ಯೂ ಇನ್ವೆಂಟೆಡ್ ಅಂತ ಕೂಡ ಅಲ್ಲ, ನ್ಯೂಲಿ ಇನ್ವೆಂಟೆಡ್ ಅನ್ನಬೇಕು. ಅಂಗಡಿಯಿಂದ ತಂದ ಹೊಸ ಫೋನೂ ನ್ಯೂಫೌಂಡ್ ಆಗಲ್ಲ.

ಇನ್ನೊಂದು, ಈ ಪದ ನಾಮಪದದ ಮುಂದೆಯೇ ಕೂರುತ್ತೆ. ನ್ಯೂಫೌಂಡ್ ಪ್ಲಾನೆಟ್ ಸರಿ, ಆದ್ರೆ 'ದಿಸ್ ಪ್ಲಾನೆಟ್ ಈಸ್ ನ್ಯೂಫೌಂಡ್' ಅಂದ್ರೆ ಕಿವಿಗೆ ಒರಟಾಗಿ ಕೇಳುತ್ತೆ. ಬ್ರಿಟಿಷರು ಮಧ್ಯೆ ಅಡ್ಡಗೆರೆ ಹಾಕೋದು ಜಾಸ್ತಿ, ಅಮೆರಿಕದವರು ಸೇರಿಸೇ ಬರೀತಾರೆ.

ಅಂದಹಾಗೆ ಸೈನ್ಸ್‌ಗಿಂತ ದಿನನಿತ್ಯದ ಇಂಗ್ಲಿಷ್‌ನಲ್ಲೇ ಇದರ ಓಡಾಟ ಹೆಚ್ಚು. ನ್ಯೂಫೌಂಡ್ ಫ್ರೀಡಂ, ನ್ಯೂಫೌಂಡ್ ಕಾನ್ಫಿಡೆನ್ಸ್, ಅಂದ್ರೆ ಮೊದಲು ಇರಲಿಲ್ಲ, ಈಗಷ್ಟೇ ಸಿಕ್ಕಿದೆ ಅಂತ. ಇಲ್ಲಿ 'ಕಂಡುಹಿಡಿದ' ಅಂತ ಅನುವಾದ ಮಾಡಿದ್ರೆ ಕೆಟ್ಟುಹೋಗುತ್ತೆ, 'ಹೊಸದಾಗಿ ಬಂದ ಧೈರ್ಯ' ಅಂದ್ರೆ ಚೆಂದ. ಕೆಲವು ಸಲ ಸಣ್ಣ ಕುಟುಕೂ ಇರುತ್ತೆ ನೋಡಿ, ಹಿಸ್ ನ್ಯೂಫೌಂಡ್ ವೆಲ್ತ್ ಅಂತ ಯಾರಾದ್ರೂ ಹುಬ್ಬೇರಿಸಿ ಅಂದ್ರೆ ಅದು ನಮ್ಮ 'ಅಲ್ಪನಿಗೆ ಐಶ್ವರ್ಯ ಬಂದ್ರೆ ಅರ್ಧರಾತ್ರೀಲಿ ಕೊಡೆ ಹಿಡಿದ' ಅನ್ನೋದರ ಹತ್ತಿರಕ್ಕೇ ಬಂತು.

ಕೆನಡಾದ ನ್ಯೂಫೌಂಡ್‌ಲ್ಯಾಂಡ್ ದ್ವೀಪದ ಹೆಸರಲ್ಲೂ ಇದೇ ಪದ ಇದೆ. 1497ರಲ್ಲಿ ಜಾನ್ ಕ್ಯಾಬಟ್ ಇಂಗ್ಲೆಂಡಿನಿಂದ ಹಡಗು ಹತ್ತಿ ಆ ಕಡೆ ಹೋಗಿಬಂದ ಮೇಲೆ ಅಂಟಿಕೊಂಡ ಹೆಸರು. ಅಲ್ಲಿ ಜನ ಮೊದಲಿಂದ್ಲೂ ಇದ್ರು, ಹೊಸದಾಗಿ ಸಿಕ್ಕಿದ್ದು ಹಡಗಿನವರಿಗೆ ಮಾತ್ರ.