ಫೋಟೋ ಇಲ್ಲದ ಅಜ್ಜ ಅಜ್ಜಿಯನ್ನು ಚಿತ್ರಿಸುವ ಬಗ್ಗೆ

ಅಜ್ಜಿ ನ್ಯಾಮತಿ ಕಡೆಯ ಲಂಬಾಣಿ ತಾಂಡಾದವರು, ಅಜ್ಜ ಮರಾಠಿ ಮನೆಮಾತಿನ ದರ್ಜಿ, ಇಬ್ಬರದೂ ಒಂದು ಫೋಟೋ ಇಲ್ಲ, ಚಿತ್ರ ಹೇಗೆ ಬರೆಯಲಿ ಎಂದು ಕೇಳಿದ್ದೀರಿ. ಮುಖ ಬರೆಯುವ ಗೋಜಿಗೇ ಹೋಗಬೇಡಿ. ನಾನು ಹೋಗಿ ಕೆಟ್ಟೆ. ನನ್ನ ಮುತ್ತಜ್ಜ ಅನಂತಪುರದ ಕಡೆಯಿಂದ ದಾವಣಗೆರೆಯ ಹತ್ತಿ ಗಿರಣಿಗೆ ಕೂಲಿಗೆ ಬಂದವರು. ಊಹೆಯಿಂದ ಬರೆದ ಅವರ ಮುಖ ಕ್ಯಾಲೆಂಡರಿನ ದೇವರಂತೆ ಕಂಡಿತು. ಕೊನೆಗೆ ಒರಟು ಹತ್ತಿ ಬಟ್ಟೆಯ ಮೇಲೆ, ಮನೆಯಲ್ಲಿ ಉಳಿದಿದ್ದ ಹನ್ನೊಂದು ತೆಲುಗು ಪದಗಳನ್ನು ಕನ್ನಡ ಲಿಪಿಯಲ್ಲಿ ಹೊಲಿದೆ. ಅದನ್ನು ನೋಡಿ ಸೋದರತ್ತೆಗೆ ಹನ್ನೆರಡನೆಯದು ನೆನಪಾಯಿತು, ಅದೂ ಬೈಗುಳ!

ನಿಮಗಂತೂ ಎರಡೂ ಕಡೆಯಿಂದ ಸೂಜಿ ಬಂದಿದೆ. ಲಂಬಾಣಿ ಕಸೂತಿಯ ಕನ್ನಡಿ ಚೂರು, ಕವಡೆಗಳು ಎದ್ದು ಕಾಣಬೇಕು. ದರ್ಜಿಯ ಹೆಮ್ಮಿಂಗ್ ಕಾಣಲೇಬಾರದು. ಎರಡನ್ನೂ ಒಂದೇ ಬಟ್ಟೆಗೆ ತನ್ನಿ. ಲಂಬಾಣಿ ಮಾತಿಗೆ ಸ್ವಂತ ಲಿಪಿಯಿಲ್ಲ, ಹಾಗಾಗಿ ಹಿರಿಯರ ಹಾಡುಗಳನ್ನು ಈ ತಿಂಗಳೇ ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಳ್ಳಿ. ಫೆಬ್ರವರಿಯಲ್ಲಿ ನ್ಯಾಮತಿ ಬಳಿಯ ಸೂರಗೊಂಡನಕೊಪ್ಪದಲ್ಲಿ ನಡೆಯುವ, ಲಂಬಾಣಿಗಳ ಸಂತ ಸೇವಾಲಾಲರ ಜಯಂತಿಗೂ ಹೋಗಿ ಬನ್ನಿ.

ಮರಾಠಿ ಎಳೆ ಎಂದೊಡನೆ ಯಾರಾದರೂ ನಿಮ್ಮನ್ನು ಚನ್ನಗಿರಿ ಬಳಿಯ ಹೊದಿಗೆರೆಗೆ, 1664ರಲ್ಲಿ ತೀರಿಕೊಂಡ ಶಿವಾಜಿಯ ತಂದೆ ಶಹಾಜಿಯ ಸಮಾಧಿಗೆ ಕಳಿಸುತ್ತಾರೆ. ನೋಡಿ, ಆದರೆ ದರ್ಜಿ ಅಜ್ಜನನ್ನು ರಾಜವಂಶಕ್ಕೆ ಜೋಡಿಸಬೇಡಿ. ಅವರ ಕತ್ತರಿ ಯಾವ ನೆಂಟರ ಮನೆಯ ಅಟ್ಟದಲ್ಲಿದೆ ಎಂದು ಮೊದಲು ವಿಚಾರಿಸಿ.